ಹಳೇ ಕಟ್ಟಡ ಉಳಿಸೋಕೆ ಏನು ಓದಬೇಕು?

"ಹಳೇ ಕಟ್ಟಡ ರಿಪೇರಿ ಮಾಡೋಕೆ ಒಳ್ಳೇ ಮೇಸ್ತ್ರಿ ಸಾಲದಾ? ಅದಕ್ಕೂ ಒಂದು ಡಿಗ್ರಿ ಬೇಕಾ?" ಮಕ್ಕಳು ಕನ್ಸರ್ವೇಷನ್, ಅಂದರೆ ಹಳೇ ಕಟ್ಟಡ ಉಳಿಸುವ ವಿದ್ಯೆ, ಓದ್ತೀನಿ ಅಂದಾಗ ಅಪ್ಪ ಅಮ್ಮ ಬಂದು ಹೀಗೆ ಕೇಳುತ್ತಾರೆ. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಸುಣ್ಣದ ಗಾರೆ ಕಲೆಸಬಲ್ಲ ಮೇಸ್ತ್ರಿ ಇಲ್ಲದೆ ನಮ್ಮ ಕೆಲಸ ಒಂದಿಂಚೂ ಮುಂದೆ ಹೋಗೋದಿಲ್ಲ. ಆದರೆ ಗೋಡೆ ಯಾಕೆ ಹಾಳಾಗುತ್ತಿದೆ, ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟಲೇಬಾರದು ಅಂತ ಯಾರಾದರೂ ಮೊದಲು ಹೇಳಬೇಕಲ್ವಾ? ಕೋರ್ಸ್ ಇರುವುದು ಅದಕ್ಕೆ.

ನೂರು ವರ್ಷದ ಇಟ್ಟಿಗೆ ಗೋಡೆ, ಬುಡದಲ್ಲಿ ತೇವ ಅಂದುಕೊಳ್ಳಿ. ಮನೆಯವರು ಹಳೇ ಗಾರೆ ಕಿತ್ತು ಸಿಮೆಂಟ್ ಮೆತ್ತಿಸುತ್ತಾರೆ. ಸ್ವಲ್ಪ ದಿನ ಚೆನ್ನಾಗೇ ಕಾಣುತ್ತದೆ. ಮೊದಲು ನೆಲದಿಂದ ಏರಿದ ನೀರು ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತಿತ್ತು. ಈಗ ಹೊರಬರಲು ದಾರಿ ಇಲ್ಲದೆ ಇನ್ನೂ ಮೇಲಕ್ಕೆ ಹತ್ತುತ್ತದೆ. ಅದರಲ್ಲಿ ಕರಗಿದ ಉಪ್ಪು ಇಟ್ಟಿಗೆಯೊಳಗೇ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಹೊರಗಿಂದ ಪ್ಲಾಸ್ಟರ್ ಗಟ್ಟಿ. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಎಷ್ಟೋ ಸಲ ದೋಷ ಗೋಡೆಯಲ್ಲಿ ಇರೋದೇ ಇಲ್ಲ. ಡಾಂಬರಿನ ಮೇಲೆ ಡಾಂಬರು ಹಾಕಿ ಹೊರಗಿನ ರಸ್ತೆ ಎತ್ತರವಾಗಿರುತ್ತದೆ, ಮಳೆ ನೀರೆಲ್ಲ ಬುಡಕ್ಕೇ ಬಂದು ನಿಲ್ಲುತ್ತದೆ.

ಇದು ಕಣ್ಣಿಗೆ ಬೀಳಬೇಕಾದರೆ ಕಟ್ಟಡವನ್ನು ಅಳೆಯಬೇಕು. ಕೋರ್ಸಿನ ಜೀವಾಳವೇ ಈ ಅಳತೆ. ಹಳೇ ಕೋಣೆಗಳ ಮೂಲೆ ನೇರವಾಗಿ ಇರೋದಿಲ್ಲ. ಉದ್ದ, ಅಗಲ ಹಿಡಿದರೆ ಸಾಲದು, ಮೂಲೆಯಿಂದ ಮೂಲೆಗೂ ಟೇಪ್ ಎಳೆಯಬೇಕು. ತೂಕದ ಗುಂಡು ಬಿಟ್ಟು ಗೋಡೆ ವಾಲಿದೆಯಾ ನೋಡಬೇಕು. ಪ್ಲ್ಯಾನ್ ಬರೆಯಲು ಕೂತಾಗ ಎರಡು ಕೋಣೆಗಳ ನಡುವೆ ಲೆಕ್ಕಕ್ಕೆ ಸಿಗದ ಮೂರಡಿ ಉಳಿದರೆ ವಿದ್ಯಾರ್ಥಿಗಳು ಟೇಪನ್ನು ಬೈಯುತ್ತಾರೆ. ಮತ್ತೆ ಹೋಗಿ ನೋಡಿದರೆ ಅಲ್ಲಿ ಯಾವಾಗಲೋ ಮುಚ್ಚಿಹಾಕಿದ ಮೆಟ್ಟಿಲು ಇರಬಹುದು! ಹೊಸ ಡಿಸೈನ್ ಮಾಡುವ ಹುಮ್ಮಸ್ಸಲ್ಲಿ ಬಂದವರಿಗೆ ಈ ಕೆಲಸ ಬೋರು. ಇದರಲ್ಲಿ ಖುಷಿ ಸಿಗದವರು ಈ ದಾರಿ ಹಿಡಿಯದಿರುವುದೇ ಒಳ್ಳೆಯದು ಅಂತ ನನಗನಿಸುತ್ತದೆ.

ದಾರಿ ಸರಳ. ಪಿಯುಸಿ ನಂತರ ಐದು ವರ್ಷದ ಬಿ.ಆರ್ಕ್ (ಆರ್ಕಿಟೆಕ್ಚರ್ ಡಿಗ್ರಿ), ಆಮೇಲೆ ಕನ್ಸರ್ವೇಷನ್‌ನಲ್ಲಿ ಎರಡು ವರ್ಷದ ಸ್ನಾತಕೋತ್ತರ. ದೆಹಲಿ ಮತ್ತು ಭೋಪಾಲದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್, ಅಹಮದಾಬಾದಿನ ಸೆಪ್ಟ್ ಯೂನಿವರ್ಸಿಟಿ ಇದಕ್ಕೆ ಹೆಸರಾದವು. ಅಮೆರಿಕದಲ್ಲಿ ಬಾಗಿಲು ಸ್ವಲ್ಪ ಅಗಲ. ಅಲ್ಲಿ ಇದನ್ನು ಹಿಸ್ಟಾರಿಕ್ ಪ್ರಿಸರ್ವೇಷನ್ ಅನ್ನುತ್ತಾರೆ. ಜೇಮ್ಸ್ ಮಾರ್ಸ್ಟನ್ ಫಿಚ್ 1964ರಲ್ಲಿ ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಇದಕ್ಕೆ ನಾಂದಿ ಹಾಡಿದರು. ಅಲ್ಲಿ ಇತಿಹಾಸ ಓದಿದವರೂ ಸೇರಬಹುದು.

ಹೊಸಬರಿಗೆ ಗಲಿಬಿಲಿಯಾಗುವುದು ಸಿಲಬಸ್ ನೋಡಿದಾಗ. ಕಲ್ಲು ಸುಣ್ಣದ ಪಕ್ಕದಲ್ಲೇ ಅಂತರರಾಷ್ಟ್ರೀಯ ಒಪ್ಪಂದ, ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವಿಧಾನ) ಎಲ್ಲ ಇರುತ್ತವೆ. ಇವೆಲ್ಲ ಯಾಕೆ ಅನ್ನುವವರು ಹಂಪಿಯನ್ನು ನೋಡಬೇಕು. 1986ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಹಂಪಿ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಯಿತು. ಮುಖ್ಯ ಕಾರಣ ಸೇತುವೆ ಕಾಮಗಾರಿ. ಆನೆಗೊಂದಿಯವರಿಗೆ ತುಂಗಭದ್ರೆ ದಾಟಲು ಸೇತುವೆ ಬೇಕಿತ್ತು, ಅದು ಸುಳ್ಳಲ್ಲ. ಯುನೆಸ್ಕೊಗೆ ಸುತ್ತಲಿನ ಬಂಡೆ, ಹೊಳೆ, ಗುಡಿ ಎಲ್ಲ ಸೇರಿದ ನೋಟ ಉಳಿಯಬೇಕಿತ್ತು. ಕೊನೆಗೆ 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಅರ್ಧ ಕಟ್ಟಿದ್ದ ಸೇತುವೆ 2009ರಲ್ಲಿ ಕುಸಿದು ಜೀವಹಾನಿಯೂ ಆಯಿತು. ಊರಿನವರ ಅಗತ್ಯ, ಕಾನೂನು, ಒಪ್ಪಂದ ಮೂರನ್ನೂ ಒಟ್ಟಿಗೆ ಓದಬಲ್ಲವರು ಶುರುವಿನಲ್ಲೇ ಕೂತು ಮಾತಾಡಬೇಕಾದ ಕೆಲಸ ಅದು.

ಕಂಪ್ಯೂಟರ್ ಕೆಲಸದ ಬೆಲೆ ಗೊತ್ತಾಗಿದ್ದು ಪ್ಯಾರಿಸ್ಸಿನ ನೋತ್ರ್ ದಾಮ್‌ನಲ್ಲಿ. 2019ರ ಏಪ್ರಿಲ್‌ನಲ್ಲಿ ಆ ಚರ್ಚಿಗೆ ಬೆಂಕಿ ಬಿತ್ತು. ಅದಕ್ಕೂ ಮೊದಲೇ, 2010ರ ಹೊತ್ತಿಗೆ, ಆಂಡ್ರೂ ಟ್ಯಾಲನ್ ಅದನ್ನು ಲೇಸರ್‌ನಲ್ಲಿ ಅಳೆದಿಟ್ಟಿದ್ದರು. ನೂರು ಕೋಟಿಗೂ ಹೆಚ್ಚು ಬಿಂದುಗಳ ದಾಖಲೆ. ಅವರು ಕಲಾ ಇತಿಹಾಸದ ಮೇಷ್ಟ್ರು. ಮತ್ತೆ ಕಟ್ಟುವಾಗ ಆ ಅಳತೆ ನೆರವಿಗೆ ಬಂತು.

ಸಂಬಳದ ವಿಷಯ ಮುಚ್ಚಿಡೋದಿಲ್ಲ. ಶುರುವಿನಲ್ಲಿ ಐಟಿಗೆ ಹೋದ ಗೆಳೆಯರಷ್ಟು ಸಿಗೋದಿಲ್ಲ. ಕೆಲಸ ಇರುವುದು ಪುರಾತತ್ವ ಇಲಾಖೆಗಳಲ್ಲಿ, ಪರಂಪರೆ ಉಳಿಸಲು ದುಡಿಯುವ ಇಂಟ್ಯಾಕ್‌ನಂಥ ಸಂಸ್ಥೆಗಳಲ್ಲಿ, ನಮ್ಮಂಥ ಸಣ್ಣ ಆಫೀಸುಗಳಲ್ಲಿ.

ಕಾಲೇಜು ನೋಡಲು ಹೋದರೆ ಬ್ರೋಷರ್ ಪಕ್ಕಕ್ಕಿಡಿ. ಹೋದ ವರ್ಷದ ವಿದ್ಯಾರ್ಥಿಗಳು ಅಳೆದು ಬರೆದ ಡ್ರಾಯಿಂಗ್ ತೋರಿಸಿ ಅಂತ ಕೇಳಿ. ಬಿರುಕು, ತೇವ, ಒಡೆದ ಹಂಚು ಅದರಲ್ಲಿ ಗುರುತು ಮಾಡಿದ್ದಾರಾ ನೋಡಿ. ಸುಮ್ನೆ ಬಣ್ಣಬಣ್ಣದ ತ್ರೀಡಿ ಚಿತ್ರ ಮಾತ್ರ ತೋರಿಸಿದರೆ ಇನ್ನೊಂದು ಕಾಲೇಜಿಗೂ ಹೋಗಿ ಬನ್ನಿ.