ಏಳೆಂಟ್ಲಿ ಎಷ್ಟು? ಕಾಲೇಜಿಗೆ ಬಂದರೂ ಮಗ್ಗಿ ಬಾರದವರಿಗೆ

ಪ್ರಶ್ನೆ: ನಾನು ಕಾಲೇಜಿನಲ್ಲಿ ಗಣಿತ ಓದುತ್ತಿದ್ದೇನೆ. ಆದರೆ ಇವತ್ತಿಗೂ ಮಗ್ಗಿ ಬಾಯಿಗೆ ಬರುವುದಿಲ್ಲ. ಏಳರ ಮಗ್ಗಿ ಶುರು ಮಾಡಿದರೆ ಅರ್ಧಕ್ಕೆ ನಿಂತುಹೋಗುತ್ತದೆ. ಯಾರ ಹತ್ತಿರವೂ ಹೇಳಿಕೊಳ್ಳಲು ನಾಚಿಕೆ. ಈ ವಯಸ್ಸಿನಲ್ಲಿ ಮತ್ತೆ ಮೊದಲಿಂದ ಉರು ಹೊಡೆಯಬೇಕಾ?

ಬೇಡ.

ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ಬಿಟ್ಟರೆ ಇದೇ ಪ್ರಶ್ನೆ ಇನ್ನೊಂದು ಹೆಸರಿನಲ್ಲಿ ಮತ್ತೆ ಬರುತ್ತದೆ. ಎಷ್ಟು ಸಲ ಬಂದಿದೆ ಅಂತ ಎಣಿಸುವುದನ್ನು ನಾನು ಎಂದೋ ಬಿಟ್ಟೆ. ಹಾಗಾಗಿ ಈ ಸಲ ಕೂತು ಬಿಡಿಸಿ ಬರೆಯುತ್ತಿದ್ದೇನೆ.

ನಿಮ್ಮ ಪ್ರಶ್ನೆಯನ್ನು ನೀವೇ ಇನ್ನೊಮ್ಮೆ ಓದಿ. "ಏಳರ ಮಗ್ಗಿ ಶುರು ಮಾಡಿದರೆ" ಅಂದಿದ್ದೀರಿ. ಶುರು ಮಾಡಿದ್ದು ಯಾಕೆ? ಲೆಕ್ಕದ ನಡುವೆ ನಿಮಗೆ ಬೇಕಿದ್ದದ್ದು 7×8 ಒಂದೇ. ಮಿಕ್ಕ ಏಳು ಸಾಲನ್ನು ಯಾರು ಕೇಳಿದ್ದರು?

ನನ್ನ ತಲೆ ಕೆಡಿಸುವ ನಂಬಿಕೆ ಇದೇ. ಮಗ್ಗಿ ಬರುತ್ತದೆ ಅಂದರೆ ಒಂದೇ ಉಸಿರಿನಲ್ಲಿ ಮೇಲಿಂದ ಕೆಳಗೆ ಒಪ್ಪಿಸಲು ಬರುತ್ತದೆ ಅಂತ. ಅಪ್ಪ ಅಮ್ಮ ಇದನ್ನು ನಂಬುತ್ತಾರೆ. ಮೇಷ್ಟ್ರುಗಳಲ್ಲೂ ಎಷ್ಟೋ ಜನ ನಂಬುತ್ತಾರೆ. ಒಪ್ಪಿಸಲಾಗದ ಮಗು ಮಾತ್ರ ತನಗೆ ಲೆಕ್ಕವೇ ಬರಲ್ಲ ಅಂತ ನಂಬಿಕೊಂಡು ಕಾಲೇಜಿನವರೆಗೆ ಬಂದುಬಿಡುತ್ತದೆ.

ಒಂದು ಪರೀಕ್ಷೆ ಮಾಡೋಣ. ಕನ್ನಡ ಅಕ್ಷರಮಾಲೆ ನಿಮಗೆ ನೀರು ಕುಡಿದಷ್ಟು ಸಲೀಸು ಅಲ್ವಾ? ಸರಿ, 'ಣ' ಅಕ್ಷರದ ಹಿಂದಿನದು ಯಾವುದು?

ಟ ಠ ಡ ಢ ಅಂತ ಮನಸ್ಸಿನಲ್ಲೇ ಗೊಣಗಿದಿರಿ. ನಾನೂ ಹಾಗೇ ಮಾಡುತ್ತೇನೆ. ಸಾಲಾಗಿ ಕಲಿತದ್ದು ಸಾಲಾಗಿಯೇ ಹೊರಗೆ ಬರುತ್ತದೆ. ನಡುವಿನಿಂದ ಒಂದನ್ನು ಕಿತ್ತು ಕೊಡಿ ಅಂದರೆ ಕೊಡುವುದಿಲ್ಲ. ಅಕ್ಷರಮಾಲೆಗೆ ಅದರಿಂದ ನಷ್ಟವಿಲ್ಲ, ಓದುವಾಗ ಯಾರೂ 'ಣ'ದ ಹಿಂದಿನ ಅಕ್ಷರ ಹುಡುಕುವುದಿಲ್ಲ. ಆದರೆ ಗುಣಾಕಾರದಲ್ಲಿ ಪ್ರತಿ ಸಲವೂ ಬೇಕಾಗುವುದು ನಡುವಿನದೇ. ಏಳೊಂದ್ಲಿ ಏಳು, ಏಳೆರಡ್ಲಿ ಹದಿನಾಲ್ಕು, ಏಳ್ಮೂರ್ಲಿ ಇಪ್ಪತ್ತೊಂದು ಅಂತ ಒಂದೊಂದೇ ಮೆಟ್ಟಿಲು ಹತ್ತಿ ಏಳೆಂಟ್ಲಿಗೆ ಬರುವಷ್ಟರಲ್ಲಿ, ಯಾವ ಲೆಕ್ಕಕ್ಕೆ ಹೊರಟಿದ್ದೆವು ಅನ್ನುವುದೇ ಮರೆತಿರುತ್ತದೆ. ತರಗತಿಯಲ್ಲಿ ಜೋರಾಗಿ ಮಗ್ಗಿ ಒಪ್ಪಿಸಿ ಶಹಬ್ಬಾಸ್ ಅನ್ನಿಸಿಕೊಂಡವರನ್ನು ತಟ್ಟನೆ 8×7 ಕೇಳಿ ನೋಡಿ. ತುಟಿ ಅಲ್ಲಾಡಲು ಶುರುವಾಗುತ್ತದೆ. ಆ ತುಟಿ ನೋಡಿಯೇ ಅವರು ಎಷ್ಟನೇ ಮೆಟ್ಟಿಲಲ್ಲಿ ಇದ್ದಾರೆ ಅಂತ ನಾನು ಹೇಳಬಲ್ಲೆ. ಇಷ್ಟು ವರ್ಷ ಪಾಠ ಹೇಳಿದ್ದಕ್ಕೆ ಅಷ್ಟಾದರೂ ಬರಬೇಡವೇ?

ಇನ್ನೊಂದು ವಿಷಯ. ಕಾಲೇಜಿನ ಗಣಿತ ಮಗ್ಗಿಯನ್ನು ಕೇಳುವುದೇ ತಿರುಗಾಮುರುಗಾ. ಕೂಡಿದರೆ 15, ಗುಣಿಸಿದರೆ 56 ಆಗುವ ಎರಡು ಸಂಖ್ಯೆ ಯಾವುವು? ವರ್ಗಸಮೀಕರಣದ ಅಪವರ್ತನ ಅಂದರೆ ಇದೇ. 42/56 ಭಿನ್ನರಾಶಿಯನ್ನು ಚಿಕ್ಕದು ಮಾಡಬೇಕು. ಎರಡರಲ್ಲೂ 7 ಅಡಗಿದೆ ಅಂತ ಕಣ್ಣಿಗೆ ಕಾಣಬೇಕು. 6/8 ಆಯಿತು, ಆಮೇಲೆ 3/4. ಇಲ್ಲಿ ಉತ್ತರದಿಂದ ಹಿಂದಕ್ಕೆ ನಡೆಯಬೇಕು. ಹಾಡು ಹಿಂದಕ್ಕೆ ನಡೆಯುವುದಿಲ್ಲ.

ನಮ್ಮ ತಲೆಯೂ ಗುಣಲಬ್ಧಗಳನ್ನು ಹಾಡಿನಂತೆ ಇಟ್ಟುಕೊಂಡಿಲ್ಲ. ಇದು ಗೊತ್ತಾಗುವುದು ತಪ್ಪುಗಳಿಂದ. ದೊಡ್ಡವರು 7×8ಕ್ಕೆ ತಪ್ಪು ಉತ್ತರ ಕೊಟ್ಟಾಗ 48, 54, 63 ಅನ್ನುತ್ತಾರೆ. 53 ಅನ್ನುವವರು ಬಹಳ ಅಪರೂಪ. ಯಾಕೆ? 48 ಅಂದರೆ 6×8, 63 ಅಂದರೆ 7×9, 54 ಅಂದರೆ 6×9. ಎಲ್ಲವೂ ಅಕ್ಕಪಕ್ಕದ ಮನೆಯವೇ. 53 ಮಾತ್ರ ಯಾವ ಮನೆಗೂ ಸೇರಿದ್ದಲ್ಲ. ಮನಶ್ಶಾಸ್ತ್ರಜ್ಞರಾದ ಜೇಮಿ ಕ್ಯಾಂಪ್‌ಬೆಲ್ ಮತ್ತು ಡೇವಿಡ್ ಗ್ರಹಾಂ 1985ರಲ್ಲೇ ಇಂಥ ತಪ್ಪುಗಳನ್ನು ಹಿಡಿದು ಕೂತು ವಿವರಿಸಿದ್ದರು. ಗುಣಲಬ್ಧಗಳು ನೆನಪಿನಲ್ಲಿ ಬಲೆಯಂತೆ ಹೆಣೆದುಕೊಂಡಿರುತ್ತವೆ, ಒಂದನ್ನು ಎಳೆದರೆ ಪಕ್ಕದ್ದೂ ಅಲುಗುತ್ತದೆ. ಅಂದರೆ ತಪ್ಪು ಹೇಳಿದವರಿಗೆ ಏನೂ ಗೊತ್ತಿಲ್ಲ ಅಂತಲ್ಲ. ಅವರು ಬೀದಿ ಸರಿಯಾಗಿ ಹಿಡಿದು, ಬಾಗಿಲು ಮಾತ್ರ ತಪ್ಪು ತಟ್ಟಿದ್ದಾರೆ.

ಇನ್ನೂ ಸಮಾಧಾನ ಬೇಕಾದರೆ ಕೇಳಿ. ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ಜೋ-ಆನ್ ಲೆಫೆವ್ರ್ ಮತ್ತು ಸಂಗಡಿಗರು 1996ರಲ್ಲಿ ದೊಡ್ಡವರನ್ನು "ಈ ಉತ್ತರ ಹೇಗೆ ಬಂತು?" ಅಂತ ವಿಚಾರಿಸಿದರು. ಬಿಡಿ ಅಂಕೆಗಳ ಗುಣಾಕಾರದಲ್ಲೂ ಎಲ್ಲ ಉತ್ತರ ನೆನಪಿನಿಂದಲೇ ಬಂದದ್ದಲ್ಲ. ಕೆಲವು ಉತ್ತರಗಳಿಗೆ ಅವರು ಗೊತ್ತಿರುವ ಇನ್ನೊಂದು ಗುಣಲಬ್ಧದಿಂದ ಕೂಡಿಯೋ ಕಳೆದೋ ದಾರಿ ಮಾಡಿಕೊಂಡಿದ್ದರು. ನೀವು ನಾಚಿಕೆಪಟ್ಟು ಕದ್ದುಮುಚ್ಚಿ ಮಾಡುವುದು ಇದನ್ನೇ ಅಲ್ವಾ?

ಈಗ ನಿಮಗೆ ನಿಜವಾಗಿ ಎಷ್ಟು ಗೊತ್ತಿಲ್ಲ ಅಂತ ಎಣಿಸೋಣ. ಹತ್ತರವರೆಗಿನ ಮಗ್ಗಿಯಲ್ಲಿ 100 ಮನೆ. ಒಂದರದು, ಹತ್ತರದು ಯಾರಿಗೂ ಕಷ್ಟವಲ್ಲ. ಅಡ್ಡ ಸಾಲು, ಉದ್ದ ಸಾಲು ಎರಡರಲ್ಲೂ ತೆಗೆಯಿರಿ, 64 ಉಳಿಯಿತು. 3×8, 8×3 ಎರಡೂ ಒಂದೇ, ಹಾಗಾಗಿ ಅದು 36ಕ್ಕೆ ಇಳಿಯಿತು. ಎರಡರದು, ಐದರದು ನಿಮಗೆ ಬರುತ್ತದೆ, ಬರಲ್ಲ ಅನ್ನಬೇಡಿ. ಉಳಿದದ್ದು 21. ಒಂಬತ್ತರದ್ದಕ್ಕೆ ಹತ್ತರಿಂದ ಗುಣಿಸಿ ಒಂದು ಸಲ ಕಳೆದರೆ ಸಾಕು. 9×7 ಅಂದರೆ 70ರಲ್ಲಿ 7 ಕಳೆದು 63. ಈಗ 15. ನಾಲ್ಕರದು ಅಂದರೆ ಇಮ್ಮಡಿಯ ಇಮ್ಮಡಿ. 4×7ಕ್ಕೆ 14, ಅದರ ಇಮ್ಮಡಿ 28. ಅಲ್ಲಿಗೆ ಹತ್ತೇ ಉಳಿದವು.

ಆ ಹತ್ತು ಇವು: 3×3, 3×6, 3×7, 3×8, 6×6, 6×7, 6×8, 7×7, 7×8, 8×8. ಮೂರರವು ನಿಮಗೆ ಬಂದೇ ಬರುತ್ತವೆ, ಬಿಡಿ. ನಿಜವಾಗಿ ಕಾಡುವುದು ಕೊನೆಯ ಆರು.

ಇಷ್ಟು ವರ್ಷ ನೀವು ತಲೆ ತಗ್ಗಿಸಿದ್ದು ಆರು ಗುಣಲಬ್ಧಕ್ಕೆ.

ಅವನ್ನು ನೆನಪಿಡಲೇಬೇಕಾ ಅಂದರೆ, ಇಡಿ. ದೊಡ್ಡ ಲೆಕ್ಕದ ನಡುವೆ ಚಿಕ್ಕದಕ್ಕೆ ನಿಂತರೆ ಎಳೆ ತಪ್ಪುತ್ತದೆ. ಕ್ಯಾಲ್ಕ್ಯುಲೇಟರ್ ಕೈಯಲ್ಲಿದ್ದರೂ 56 ನೋಡಿದಾಗ 7 ಮತ್ತು 8 ನೆನಪಾಗುವ ಕೆಲಸ ಅದು ಮಾಡಿಕೊಡುವುದಿಲ್ಲ. ಒಂದೊಂದನ್ನೂ ಒಂದು ಚೀಟಿಯಲ್ಲಿ ಬರೆಯಿರಿ, ಹಿಂದೆ ಉತ್ತರ. ಕಲೆಸಿ, ಒಂದು ಎತ್ತಿ, ಉತ್ತರ ಹೇಳಿ, ಆಮೇಲೆ ತಿರುಗಿಸಿ. ಮರುದಿನ ಉತ್ತರದ ಕಡೆಯಿಂದ ಆಡಿ. ಸುಮ್ನೆ ನೋಡುತ್ತಾ ಕೂರುವುದಕ್ಕಿಂತ ನೆನಪು ಮಾಡಿಕೊಂಡು ಹೇಳುವುದು ಜಾಸ್ತಿ ದಿನ ಉಳಿಯುತ್ತದೆ. ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನು ತೋರಿಸಿದಾಗ ಅವರ ಮುಂದೆ ಕೂತಿದ್ದವರು ಕಾಲೇಜು ವಿದ್ಯಾರ್ಥಿಗಳೇ, ಎಳೆ ಮಕ್ಕಳಲ್ಲ. ಅವರು ಓದಿದ್ದು ಗದ್ಯದ ತುಣುಕು, ಮಗ್ಗಿಯಲ್ಲ. ಆದರೂ ನಿಮ್ಮ ವಯಸ್ಸಿನ ಚಿಂತೆಗೆ ಅಷ್ಟು ಸಾಕು.

ಚೀಟಿ ತಪ್ಪಿದಾಗ ಆಧಾರಕ್ಕೆ ಒಂದೊಂದು ದಾರಿ ಇಟ್ಟುಕೊಳ್ಳಿ. 6×7 ಅಂದರೆ ಐದೇಳ್ಲಿ ಮೂವತ್ತೈದಕ್ಕೆ ಇನ್ನೊಂದು 7. 8×8ಕ್ಕೆ 1ರಿಂದ ಹೊರಟು 2, 4, 8, 16, 32, 64 ಅಂತ ಆರು ಸಲ ಇಮ್ಮಡಿ. 56 ಮತ್ತು 7×8 ಪಕ್ಕಪಕ್ಕ ಬರೆದರೆ 5, 6, 7, 8 ಅಂತ ಸಾಲಾಗಿ ನಿಲ್ಲುತ್ತವೆ. ಇದು ಬರೀ ಕಾಕತಾಳೀಯ, ಆದರೆ ಉಪಯೋಗಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಕೆಲವರಿಗೆ ಡಿಸ್‌ಕ್ಯಾಲ್ಕ್ಯುಲಿಯಾ ಅನ್ನುವ ಕಲಿಕೆಯ ತೊಂದರೆ ಇರುತ್ತದೆ. ಎರಡು ಸಂಖ್ಯೆಗಳಲ್ಲಿ ಯಾವುದು ದೊಡ್ಡದು ಅನ್ನುವುದಕ್ಕೂ ತಡವರಿಸುವಂತಿದ್ದರೆ ತಜ್ಞರನ್ನು ಕಾಣಿ. ಮಗ್ಗಿ ಒಂದು ಬಾರದಿದ್ದ ಮಾತ್ರಕ್ಕೆ ಆ ಹೆಸರನ್ನು ಅಂಟಿಸಿಕೊಳ್ಳಬೇಡಿ.

ಈಗ ಯಾರೂ ಕೇಳದ ಪ್ರಶ್ನೆ. ಹತ್ತಕ್ಕೇ ಯಾಕೆ ನಿಲ್ಲಬೇಕು, ಇಪ್ಪತ್ತರವರೆಗೆ ಬೇಡವೇ? ನಮ್ಮದು ಹತ್ತರ ಲೆಕ್ಕ, ಸೊನ್ನೆಯಿಂದ ಒಂಬತ್ತರವರೆಗಿನ ಅಂಕೆಗಳಲ್ಲೇ ಎಲ್ಲ ಸಂಖ್ಯೆ ಬರೆಯುತ್ತೇವೆ. ಎಷ್ಟೇ ದೊಡ್ಡ ಸಂಖ್ಯೆ ಇರಲಿ, ಕಾಗದದ ಮೇಲೆ ಗುಣಿಸುವಾಗ 9×9 ದಾಟುವ ಕೆಲಸವೇ ಬರುವುದಿಲ್ಲ. ಮಿಕ್ಕದ್ದು ಕೂಡುವುದು, ಅಷ್ಟೇ. ಪಾಪ, ಪುರಾತನ ಬ್ಯಾಬಿಲೋನಿನವರ ಕಷ್ಟ ನೋಡಿ. ಅವರದು ಅರವತ್ತರ ಲೆಕ್ಕ. ಪೂರ್ತಿ ಮಗ್ಗಿ ಬೇಕೆಂದರೆ 59×59ರವರೆಗೆ ಹೋಗಬೇಕು. ಅವರು ಮಗ್ಗಿಗಳನ್ನು ಜೇಡಿಮಣ್ಣಿನ ಹಲಗೆಗಳ ಮೇಲೆ ಕೊರೆದಿಟ್ಟರು. ಸುಮಾರು 4,000 ವರ್ಷ ಹಳೆಯ ಆ ಹಲಗೆಗಳು ಇವತ್ತಿಗೂ ಉಳಿದಿವೆ. ಅವುಗಳಲ್ಲಿ ಸಾಮಾನ್ಯವಾಗಿ ಕಾಣುವುದು 1ರಿಂದ 20, ಆಮೇಲೆ ಒಂದೇ ನೆಗೆತಕ್ಕೆ 30, 40, 50. 47 ಬೇಕಾದರೆ? 40ರದು, 7ರದು ಕೂಡಿಕೋ. ಅವರೂ ದಾರಿ ಮಾಡಿಕೊಳ್ಳುವವರೇ!

ಹಾಗಾಗಿ ಯಾರಾದರೂ ಹತ್ತೊಂಬತ್ತರ ಮಗ್ಗಿ ಹೇಳು ಅಂತ ಸವಾಲು ಹಾಕಿದರೆ ಹೆದರಬೇಡಿ. ಇಪ್ಪತ್ತರಿಂದ ಗುಣಿಸಿ, ಒಂದು ಸಲ ಕಳೆಯಿರಿ. 19×7 ಅಂದರೆ 140ರಲ್ಲಿ 7 ಹೋಗಿ 133. ತುಟಿ ಮಾತ್ರ ಅಲ್ಲಾಡಿಸಬೇಡಿ, ಉರು ಹೊಡೆದಿದ್ದೀರಿ ಅಂತಲೇ ಅಂದುಕೊಳ್ಳುತ್ತಾರೆ.