ಠಾಣೆಯಲ್ಲಿ ಒಪ್ಪಿಕೊಂಡ, ಹಾಗಾದರೆ ಮುಗಿಯಿತೇ?

ಕೊಲೆ ಕೇಸು ದಾಖಲಾದ ಎರಡು ಮೂರು ದಿನಕ್ಕೆ ಪತ್ರಿಕೆಯಲ್ಲಿ ಬರುವ ಸಾಲು ನಿಮಗೂ ಬಾಯಿಪಾಠ ಆಗಿರಬೇಕು: ‘ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ.’ ಆ ತುಂಡನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಬರುವ ಅಪ್ಪ, ಮಾವ, ಭಾವಂದಿರು ನನ್ನ ಆಫೀಸಿಗೆ ಕಡಿಮೆಯಿಲ್ಲ. ‘ಹುಡುಗ ಒಪ್ಕೊಂಡುಬಿಟ್ಟಿದ್ದಾನಂತಲ್ಲ ಸಾರ್, ಇನ್ನು ಕೇಸಲ್ಲಿ ಏನಿದೆ?’ ಹಳ್ಳಿಯವರು ಕೇಳಿದರೆ ಬೇಸರವಿಲ್ಲ. ಡಿಗ್ರಿ ಮಾಡಿದವರೂ ಇದನ್ನೇ ಕೇಳುತ್ತಾರೆ. ಪೊಲೀಸರ ಮುಂದಿನ ಒಪ್ಪಿಗೆ ಸಾಕ್ಷ್ಯವೇ ಅಲ್ಲ ಎಂದರೆ, ವಕೀಲ ಫೀಸಿಗೋಸ್ಕರ ಧೈರ್ಯ ತುಂಬುತ್ತಿದ್ದಾನೆ ಎಂಬ ಹಾಗೆ ಮುಖ ನೋಡುತ್ತಾರೆ. ಅಂಥವರಿಗೆ ನಾನು ಟಿಮೊತಿ ಎವಾನ್ಸ್‌ನ ಕೇಸು ಹೇಳುತ್ತೇನೆ.

ಎವಾನ್ಸ್ ವೇಲ್ಸ್‌ನ ಮರ್ಥರ್ ಟಿಡ್‌ಫಿಲ್ ಊರಿನವನು, ವ್ಯಾನ್ ಡ್ರೈವರ್. ಚಿಕ್ಕಂದಿನಲ್ಲಿ ಕಾಲಿನ ಹುಣ್ಣಿನಿಂದ ಶಾಲೆ ತಪ್ಪಿ, ಓದು ಬರಹ ಸರಿಯಾಗಿ ಹತ್ತಲಿಲ್ಲ. ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ 10, ರಿಲ್ಲಿಂಗ್ಟನ್ ಪ್ಲೇಸ್ ಎಂಬ ಮನೆಯ ಮೇಲಂತಸ್ತಿನಲ್ಲಿ ಹೆಂಡತಿ ಬೆರಿಲ್, ಒಂದು ವರ್ಷದ ಮಗು ಜೆರಾಲ್ಡೀನ್ ಜೊತೆ ಬಾಡಿಗೆಗಿದ್ದ. ಕೆಳಗಡೆ ಜಾನ್ ಕ್ರಿಸ್ಟಿ ದಂಪತಿ.

1949ರ ನವೆಂಬರ್ 30ರಂದು ಎವಾನ್ಸ್ ತಾನಾಗಿ ಮರ್ಥರ್ ಠಾಣೆಗೆ ಹೋಗಿ, ಹೆಂಡತಿ ಸತ್ತಳು, ಹೆಣವನ್ನು ಮನೆ ಮುಂದಿನ ಚರಂಡಿಗೆ ಹಾಕಿದೆ ಎಂದ. ಲಂಡನ್ ಪೊಲೀಸರು ಹೋಗಿ ನೋಡಿದರೆ ಆ ಚರಂಡಿಯ ಮುಚ್ಚಳ ಎತ್ತಲಿಕ್ಕೇ ಮೂರು ಜನ ಬೇಕಾಯಿತು. ಒಳಗೆ ಏನೂ ಇರಲಿಲ್ಲ. ಆಗ ಮಾತು ಬದಲಿಸಿ, ಗರ್ಭಪಾತ ಮಾಡಿಸುತ್ತೇನೆಂದು ಕೈ ಹಾಕಿದ ಕ್ರಿಸ್ಟಿಯಿಂದ ಅವಳು ಸತ್ತಳು ಎಂದ. ಡಿಸೆಂಬರ್ 2ರಂದು ಹಿತ್ತಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ತಾಯಿ, ಮಗು ಇಬ್ಬರ ಹೆಣವೂ ಸಿಕ್ಕಿತು. ಮಗುವಿನ ಕೊರಳಲ್ಲಿ ಒಂದು ಟೈ ಬಿಗಿದಿತ್ತು.

ಈಗ ಒಂದರ ಹಿಂದೆ ಒಂದಾಗಿ ಏನು ನಡೆಯಿತು ಎಂಬುದನ್ನು ಗಮನಿಸಿ. ಅದೇ ರಾತ್ರಿ ಅವನನ್ನು ನಾಟಿಂಗ್ ಹಿಲ್ ಠಾಣೆಗೆ ತಂದರು. ಹೆಣಗಳ ಮೇಲಿದ್ದ ಬಟ್ಟೆಬರೆ, ಆ ಟೈ, ಎಲ್ಲವನ್ನೂ ಅವನ ಮುಂದಿಟ್ಟರು. ಆಮೇಲೆ ಒಪ್ಪಿಗೆ ಬಂತು: ಸಾಲದ ಜಗಳದಲ್ಲಿ ಹೆಂಡತಿಯನ್ನು ಹಗ್ಗದಿಂದ, ಎರಡು ದಿನ ಬಿಟ್ಟು ಮಗುವನ್ನು ಟೈಯಿಂದ ಬಿಗಿದು ಕೊಂದೆ. ಹೆಣ ಸಿಕ್ಕ ಜಾಗ, ಸತ್ತ ರೀತಿ ಎಲ್ಲ ಸರಿಯಾಗಿ ಹೊಂದಿಕೊಂಡಿತು. ಹೊಂದದೆ ಏನು ಮಾಡುತ್ತದೆ? ಪೊಲೀಸರು ಅವನಿಗೆ ಮೊದಲೇ ಎಷ್ಟು ಹೇಳಿದ್ದರು ಎಂಬುದು ಮುಂದೆ ದೊಡ್ಡ ವಿವಾದವಾಯಿತು. ಒಪ್ಪದಿದ್ದರೆ ಹೊಡೆಯುತ್ತಾರೆಂಬ ಭಯದಿಂದ ಹೇಳಿದೆ ಎಂದು ಅವನು ಕೋರ್ಟಿನಲ್ಲಿ ಹೇಳಿದ. ಇಂಗ್ಲೆಂಡಿನ ಕಾನೂನಿನಲ್ಲಿ ಸ್ವಇಚ್ಛೆಯಿಂದ ಕೊಟ್ಟದ್ದಾದರೆ ಪೊಲೀಸರ ಮುಂದಿನ ಒಪ್ಪಿಗೆಯೂ ಸಾಕ್ಷ್ಯ. ಅದು ಜ್ಯೂರಿಯ, ಅಂದರೆ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ಜನರ ಮಂಡಳಿಯ, ಕೈ ಸೇರಿತು.

1950ರ ಜನವರಿಯಲ್ಲಿ ಮಗುವಿನ ಕೊಲೆಯ ಆರೋಪವೊಂದರ ಮೇಲೆ ಮೂರು ದಿನದ ವಿಚಾರಣೆ. ಪ್ರಾಸಿಕ್ಯೂಷನ್‌ನ ಮುಖ್ಯ ಸಾಕ್ಷಿ ಯಾರು? ಕ್ರಿಸ್ಟಿ, ಯುದ್ಧಕಾಲದಲ್ಲಿ ಪೊಲೀಸ್ ಕೆಲಸ ಮಾಡಿದ್ದವನು. ಆ ದಿನಗಳಲ್ಲಿ ಮನೆಯ ರಿಪೇರಿ ಮಾಡುತ್ತಿದ್ದ ಕೆಲಸಗಾರರು ಬಟ್ಟೆ ಒಗೆಯುವ ಕೋಣೆಗೆ ಹೋಗಿ ಬರುತ್ತಿದ್ದರು. ಅವರನ್ನು ಸಾಕ್ಷಿಗೆ ಕರೆಯಲೇ ಇಲ್ಲ. ಜ್ಯೂರಿಗೆ 40 ನಿಮಿಷ ಸಾಕಾಯಿತು. ಮಾರ್ಚ್ 9ರಂದು ಗಲ್ಲು. ವಯಸ್ಸು 25.

1953ರ ಮಾರ್ಚ್‌ನಲ್ಲಿ ಅದೇ ಮನೆಯ ಅಡುಗೆಮನೆ ಗೋಡೆಯ ಕಾಗದ ಕಿತ್ತಾಗ ಹಿಂದಿನ ಗೂಡಿನಲ್ಲಿ ಮೂವರು ಹೆಂಗಸರ ಹೆಣ. ನೆಲಹಲಗೆಯ ಕೆಳಗೆ ಕ್ರಿಸ್ಟಿಯ ಹೆಂಡತಿ. ಹಿತ್ತಲಿನಲ್ಲಿ ಇನ್ನಿಬ್ಬರ ಮೂಳೆಗಳು. ಅದರಲ್ಲೊಂದು ತೊಡೆಯ ಮೂಳೆ ಬೇಲಿಗೆ ಊರುಗೋಲಾಗಿ ನಿಂತಿತ್ತು. 1949ರಲ್ಲಿ ಆ ಹಿತ್ತಲನ್ನೇ ಪೊಲೀಸರು ನೋಡಿ ಬಂದಿದ್ದರು! ಬೆರಿಲ್‌ಳನ್ನೂ ತಾನೇ ಕೊಂದೆ ಎಂದು ಕ್ರಿಸ್ಟಿ ಹೇಳಿದ.

ಕತೆ ಇಲ್ಲಿಗೆ ಬಂದಾಗ ಕಕ್ಷಿದಾರರು ‘ಮತ್ತೆ ಕ್ರಿಸ್ಟಿ ಒಪ್ಕೊಂಡನಲ್ಲ’ ಎನ್ನುತ್ತಾರೆ. ತಲೆ ಚಚ್ಚಿಕೊಳ್ಳಬೇಕು. ಕ್ರಿಸ್ಟಿಯ ಒಪ್ಪಿಗೆಯನ್ನೂ ನಾನು ಅಷ್ಟಕ್ಕಷ್ಟೇ ನಂಬುತ್ತೇನೆ. ಬುದ್ಧಿಭ್ರಮಣೆಯ ವಾದ ಹೂಡಿದ್ದವನಿಗೆ ಕೊಲೆಗಳ ಲೆಕ್ಕ ಏರಿದಷ್ಟೂ ಅನುಕೂಲ. ಇಬ್ಬರ ಒಪ್ಪಿಗೆಯನ್ನೂ ಪಕ್ಕಕ್ಕಿಡಿ. ಕ್ರಿಸ್ಟಿಯ ಕಡೆ ಮನೆ ತುಂಬ ಹೆಣಗಳು ಉಳಿಯುತ್ತವೆ. ಎವಾನ್ಸ್‌ನ ಕಡೆ ಉಳಿಯುವುದು ಅವನ ಸುಳ್ಳುಗಳು, ಮನೆಯ ಸಾಮಾನು ಮಾರಿ ಊರಿಗೆ ಹೋದದ್ದು, ಮತ್ತು ಕ್ರಿಸ್ಟಿಯ ಬಾಯಿಮಾತು. ಒಪ್ಪಿಗೆ ತೆಗೆದ ಮೇಲೆ ಉಳಿದದ್ದು ಶಿಕ್ಷೆಗೆ ಸಾಕೇ ಎಂದಷ್ಟೇ ನಾನು ಕೇಳುವುದು. ಎವಾನ್ಸ್‌ನೇ ಮಾಡಿದ್ದನೋ ಇಲ್ಲವೋ ಎಂಬ ಪ್ರಶ್ನೆಗೆ ಸರ್ಕಾರಕ್ಕೇ ಒಂದು ಉತ್ತರ ಸಿಗಲಿಲ್ಲ: 1953ರ ತನಿಖೆ ಇಬ್ಬರನ್ನೂ ಅವನೇ ಕೊಂದ ಎಂದಿತು, 1966ರಲ್ಲಿ ನ್ಯಾಯಾಧೀಶ ಬ್ರೇಬಿನ್, ಹೆಂಡತಿಯನ್ನು ಬಹುಶಃ ಕೊಂದಿರಬಹುದು, ಮಗುವನ್ನು ಬಹುಶಃ ಇಲ್ಲ ಎಂದರು. ಗಲ್ಲಾದದ್ದು ಮಗುವಿನ ಕೊಲೆಗೆ! ಆ ವರ್ಷದ ಅಕ್ಟೋಬರ್‌ನಲ್ಲಿ ಮರಣೋತ್ತರ ಕ್ಷಮಾದಾನ ಸಿಕ್ಕಿತು. 2004ರಲ್ಲಿ ಹೈಕೋರ್ಟ್ ಅವನು ಇಬ್ಬರನ್ನೂ ಕೊಂದಿಲ್ಲವೆಂದು ಒಪ್ಪಿಕೊಂಡರೂ, ಅಷ್ಟು ಖರ್ಚು ಮಾಡಿ ಮೇಲ್ಮನವಿಗೆ ಕಳಿಸುವ ಅಗತ್ಯವಿಲ್ಲ ಎಂದಿತು.

ನಮ್ಮಲ್ಲಿ ಈ ಬಾಗಿಲನ್ನು 1872ರಲ್ಲೇ ಮುಚ್ಚಿದ್ದಾರೆ. ಸಾಕ್ಷ್ಯ ಅಧಿನಿಯಮದ ಕಲಂ 25, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 23: ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ. ಚಾರ್ಜ್‌ಶೀಟ್ ಜೊತೆ ಬರುವ ‘ಸ್ವಇಚ್ಛಾ ಹೇಳಿಕೆ’ಯಲ್ಲಿ ಕೊನೆಗೊಂದು ಸಾಲಿರುತ್ತದೆ: ‘ತಾವು ನನ್ನೊಂದಿಗೆ ಬಂದಲ್ಲಿ ಮಚ್ಚನ್ನು ಬಿಸಾಡಿದ ಜಾಗ ತೋರಿಸಿ ಹಾಜರುಪಡಿಸುತ್ತೇನೆ.’ ಎಲ್ಲ ಜಿಲ್ಲೆಯ ಆರೋಪಿಗಳೂ ಇದೇ ಭಾಷೆಯಲ್ಲಿ ಮಾತಾಡುತ್ತಾರೆ, ಆಶ್ಚರ್ಯ! ಅದರಂತೆ ಹೋಗಿ ಮಚ್ಚು ಸಿಕ್ಕರೆ, ಸಿಗಲು ಕಾರಣವಾದ ಅಷ್ಟು ಮಾತು ಮಾತ್ರ ಸಾಕ್ಷ್ಯ. ಪೊಲೀಸರಿಗೆ ಮೊದಲೇ ಗೊತ್ತಿದ್ದ ವಸ್ತು, ಎವಾನ್ಸ್‌ನ ಮುಂದಿಟ್ಟ ಟೈನಂತೆ, ಇದರಡಿ ಬರುವುದಿಲ್ಲ.

ಹಾಗಂತ ‘ಬಿಡುಗಡೆ ಗ್ಯಾರಂಟಿ ಅಲ್ವಾ ಸಾರ್’ ಎನ್ನಬೇಡಿ. ವಸ್ತು ಸಿಕ್ಕಾಗ ಎದುರಿದ್ದ ಸಾಕ್ಷಿಗಳಾದ ಪಂಚರು ಗಟ್ಟಿ ನಿಂತರೆ, ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ ಹೊಂದಿದರೆ ಹೇಳಿಕೆಯ ಹಂಗೇ ಬೇಕಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ, ಅವರು ಎಚ್ಚರಿಕೆ ಹೇಳಿದ ಮೇಲೂ ಕೊಟ್ಟ ಒಪ್ಪಿಗೆಯ ತೂಕ ಬೇರೆ. ಸಂಘಟಿತ ಅಪರಾಧಗಳ ಕಾಯ್ದೆಯಾದ ಕೋಕಾದಡಿ ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದಿನ ಒಪ್ಪಿಗೆಯೂ ನಿಲ್ಲಬಹುದು. ನಿಮ್ಮ ಕೇಸು ಯಾವುದರಲ್ಲಿದೆ ಎಂದು ಕಾಗದ ನೋಡದೆ ಹೇಳಲಾರೆ.

ಪತ್ರಿಕೆಯ ತುಂಡು ಹಿಡಿದು ಬರುವ ಬದಲು, ಹುಡುಗನನ್ನು ರಿಮಾಂಡಿಗೆ ಹಾಜರುಪಡಿಸುವ ದಿನವೇ ವಕೀಲರನ್ನು ಕರೆದುಕೊಂಡು ಕೋರ್ಟಿಗೆ ಬನ್ನಿ. ‘ಪೊಲೀಸರಿಂದ ಏನಾದರೂ ತೊಂದರೆ ಆಯಿತಾ?’ ಎಂದು ಮ್ಯಾಜಿಸ್ಟ್ರೇಟರು ಕೇಳುತ್ತಾರೆ. ಪಕ್ಕದಲ್ಲಿ ಕಾನ್‌ಸ್ಟೇಬಲ್ ನಿಂತಿರುವಾಗ ‘ಇಲ್ಲ ಸ್ವಾಮಿ’ ಎಂದೇ ಬಹಳ ಮಂದಿಯ ಬಾಯಿಗೆ ಬರುತ್ತದೆ, ಆರ್ಡರ್ ಶೀಟಿನಲ್ಲಿ ಹಾಗೇ ದಾಖಲಾಗುತ್ತದೆ. ಆದದ್ದಿದ್ದರೆ ಅಲ್ಲೇ ಹೇಳಬೇಕು, ಗಾಯವಿದ್ದರೆ ಅಲ್ಲೇ ತೋರಿಸಬೇಕು. ಎರಡು ವರ್ಷ ಕಳೆದು ಪಾಟೀಸವಾಲಿನಲ್ಲಿ ನಾನು ಅದನ್ನು ಎತ್ತಿದರೆ, ಸರ್ಕಾರಿ ವಕೀಲರು (ಪಿಪಿ) ಮೊದಲು ಓದಿ ತೋರಿಸುವುದು ಆ ಆರ್ಡರ್ ಶೀಟನ್ನೇ.