ಬಿಲ್ಡ್ ಮಾಡಿದ ಪುಟ ತೆರೆದರೆ ಬರೀ ಬಿಳಿ. ಯಾಕೆ?

ಪ್ರಶ್ನೆ: ರಿಯಾಕ್ಟ್ (ವೆಬ್‌ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಕಲಿಯಲು ವೀಟ್ ಎಂಬ ಬಿಲ್ಡ್ ಟೂಲ್ ಬಳಸಿ ಪುಟ್ಟ ಪ್ರಾಜೆಕ್ಟ್ ಮಾಡಿದ್ದೇನೆ. ‘ಎನ್‌ಪಿಎಂ ರನ್ ಡೆವ್’ ಕೊಟ್ಟರೆ ಚೆನ್ನಾಗಿ ಓಡುತ್ತದೆ. ಬಿಲ್ಡ್ ಮಾಡಿ (ಸೈಟಿಗೆ ಹಾಕುವ ಅಂತಿಮ ಫೈಲುಗಳನ್ನು ತಯಾರಿಸಿ), ಅವು ಬಂದು ಕೂರುವ ಡಿಸ್ಟ್ ಫೋಲ್ಡರಿನ ಇಂಡೆಕ್ಸ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಖಾಲಿ ಪುಟ. ಎರರ್ ಕೂಡ ಇಲ್ಲ. ಕೋಡ್‌ನಲ್ಲೇ ತಪ್ಪಿದೆಯೇ ಸರ್?

ಉತ್ತರ: ಬಹುಶಃ ಇಲ್ಲ. ತೆರೆದ ರೀತಿ ತಪ್ಪಾಗಿದೆ. ಎರರ್ ಕೂಡ ಇದೆ. ಎಫ್12 ಒತ್ತಿ ಕನ್ಸೋಲ್ ನೋಡಿ, ಕೆಂಪಕ್ಷರದಲ್ಲಿ ಕಾಯುತ್ತಿರುತ್ತದೆ. (ವೀಟ್ ಎಂದರೆ ಫ್ರೆಂಚಿನಲ್ಲಿ ‘ಬೇಗ’. ನಮ್ಮಲ್ಲಿ ಹಲವರು ‘ವೈಟ್’ ಅಂತಾರೆ. ನಿಮ್ಮ ಪುಟ ನೋಡಿದರೆ ಅದೂ ಸರಿಯೇ!)

ಆ ಇಂಡೆಕ್ಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಬಾಡಿಯಲ್ಲಿರುವುದು ‘ರೂಟ್’ ಎಂಬ ಹೆಸರಿನ ಖಾಲಿ ಡಿವ್ ಒಂದೇ. ನಿಮ್ಮ ಬಟನ್ನು, ಪಟ್ಟಿ, ಚಿತ್ರ ಎಲ್ಲವನ್ನೂ ಅದರೊಳಗೆ ತುಂಬುವುದು ಜಾವಾಸ್ಕ್ರಿಪ್ಟ್. ಅದು ಬರಲಿಲ್ಲವೆಂದರೆ ಉಳಿಯುವುದು ಬಿಳಿ.

ಯಾಕೆ ಬರಲಿಲ್ಲ? ಸ್ಕ್ರಿಪ್ಟ್ ಟ್ಯಾಗಿನ ವಿಳಾಸ ನೋಡಿ: ‘/ಅಸೆಟ್ಸ್/’ ಎಂದು ಶುರುವಾಗುತ್ತದೆ. ಮೊದಲ ಆ ಓರೆಗೆರೆಗೆ ‘ಸೈಟಿನ ಬುಡದಿಂದ ಹುಡುಕು’ ಎಂದರ್ಥ. ಸರ್ವರ್ ಇದ್ದರೆ ಬುಡ ಅಂದರೆ ಡಿಸ್ಟ್ ಫೋಲ್ಡರ್. ಡಬಲ್ ಕ್ಲಿಕ್ ಮಾಡಿದಾಗ ಸರ್ವರೇ ಇಲ್ಲ. ಬ್ರೌಸರ್ ನೇರ ನಿಮ್ಮ ಡ್ರೈವಿನ ಬುಡಕ್ಕೇ ಹೋಗಿ ಅಸೆಟ್ಸ್ ಹುಡುಕುತ್ತದೆ. ಅಲ್ಲಿ ಏನಿರುತ್ತದೆ, ಮಣ್ಣು!

ವೀಟ್ ಕಾನ್ಫಿಗ್‌ನಲ್ಲಿ ‘ಬೇಸ್’ (ಫೈಲುಗಳ ವಿಳಾಸ ಶುರುವಾಗುವ ದಾರಿ) ಅನ್ನು ಚುಕ್ಕಿ-ಓರೆಗೆರೆ ಮಾಡಿ ಎಂದು ಯಾರಾದರೂ ಹೇಳಿಯಾರು. ದಾರಿ ಸರಿಹೋಗುತ್ತದೆ, ಆದರೂ ಕ್ರೋಮ್‌ನಲ್ಲಿ ಪುಟ ಬಿಳಿಯೇ. ವೀಟ್ ಕೊಡುವ ಸ್ಕ್ರಿಪ್ಟ್ ‘ಮಾಡ್ಯೂಲ್’ ಬಗೆಯದು. ಮಾಡ್ಯೂಲ್ ತರಿಸುವಾಗ ಬ್ರೌಸರ್ ‘ನೀನು ಯಾವ ಸೈಟಿನವನು’ ಎಂದು ಕೇಳುತ್ತದೆ. ಡಿಸ್ಕಿನಿಂದ ನೇರ ತೆರೆದ ಪುಟಕ್ಕೆ ಊರೂ ಇಲ್ಲ, ಹೆಸರೂ ಇಲ್ಲ; ಕನ್ಸೋಲ್ ಅದನ್ನು ‘ನಲ್’ ಎಂದು ತೋರಿಸುತ್ತದೆ, ಬ್ರೌಸರ್ ಬಾಗಿಲು ಮುಚ್ಚುತ್ತದೆ. ಕನ್ಸೋಲಿನಲ್ಲಿ ಕಾಣುವ ಕಾರ್ಸ್ (ಬೇರೆ ಸೈಟಿನಿಂದ ಫೈಲ್ ತರಿಸುವ ನಿಯಮ) ಎರರ್ ಇದೇ.

ಪರಿಹಾರ ಒಂದೇ ಸಾಲು: ಬಿಲ್ಡ್ ಆದ ಮೇಲೆ ‘ಎನ್‌ಪಿಎಂ ರನ್ ಪ್ರಿವ್ಯೂ’. ವೀಟ್ ಚಿಕ್ಕ ಸರ್ವರೊಂದನ್ನು ಎಬ್ಬಿಸಿ, ಲೋಕಲ್‌ಹೋಸ್ಟ್‌ನ 4173ನೇ ಪೋರ್ಟ್‌ನಲ್ಲಿ ಡಿಸ್ಟ್ ಫೋಲ್ಡರನ್ನೇ ಬಡಿಸುತ್ತದೆ. ಡೆವ್ ಸರ್ವರಿನದು 5173, ಎರಡನ್ನೂ ಕಲಸಬೇಡಿ. ಡೆವ್‌ನಲ್ಲಿ ಫೈಲ್ ಸೇವ್ ಮಾಡಿದರೆ ಸಾಕು, ಪುಟ ಬದಲಾಗುತ್ತದೆ. ಪ್ರಿವ್ಯೂ ತೋರಿಸುವುದು ಆಗಲೇ ಬಿಲ್ಡ್ ಆಗಿದ್ದನ್ನು ಮಾತ್ರ. ಕೋಡ್ ತಿದ್ದಿದರೆ ಮತ್ತೆ ಬಿಲ್ಡ್ ಮಾಡಬೇಕು. ಇದು ಮರೆತು ಒಂದು ಸಂಜೆಯೆಲ್ಲ ಇಲ್ಲದ ಬಗ್ ಹುಡುಕಿದವನು ನಾನು.

ಫೋನಿನಲ್ಲೂ ನೋಡಬೇಕೆ? ‘ಎನ್‌ಪಿಎಂ ರನ್ ಪ್ರಿವ್ಯೂ -- --ಹೋಸ್ಟ್’ ಕೊಡಿ, ನಡುವಿನ ಎರಡು ಗೆರೆ ಬಿಡಬೇಡಿ. ಟರ್ಮಿನಲ್ ತೋರಿಸುವ ನೆಟ್‌ವರ್ಕ್ ವಿಳಾಸವನ್ನು ಅದೇ ವೈಫೈನಲ್ಲಿರುವ ಫೋನಿನಲ್ಲಿ ಟೈಪಿಸಿ. ತೆರೆಯದಿದ್ದರೆ ಮೊದಲು ಫೈರ್‌ವಾಲ್ ಮೇಲೆ ಅನುಮಾನಪಡಿ.

ಮುಂದೆ ಗಿಟ್‌ಹಬ್ ಪೇಜಸ್‌ಗೆ (ಗಿಟ್‌ಹಬ್‌ನ ವೆಬ್ ಹೋಸ್ಟಿಂಗ್ ಸೇವೆ) ಹಾಕುವಾಗ ಅದೇ ಓರೆಗೆರೆ ಮತ್ತೆ ಕಾಡುತ್ತದೆ. ಅಲ್ಲಿ ನಿಮ್ಮ ಪ್ರಾಜೆಕ್ಟ್ ಇರುವುದು ರೆಪೊ (ಗಿಟ್‌ಹಬ್‌ನಲ್ಲಿ ನಿಮ್ಮ ಕೋಡ್ ಇಟ್ಟ ಜಾಗ) ಹೆಸರಿನ ಉಪದಾರಿಯಲ್ಲಿ. ‘ಬೇಸ್’ಗೆ ಆ ಹೆಸರನ್ನು ಹಿಂದೆ ಮುಂದೆ ಓರೆಗೆರೆ ಸಮೇತ ಬರೆಯಿರಿ, ಬಿಲ್ಡ್ ಮಾಡಿ, ಪ್ರಿವ್ಯೂದಲ್ಲೂ ಅದೇ ದಾರಿಯಲ್ಲಿ ತೆರೆದು ನೋಡಿ. ಪಬ್ಲಿಕ್ ಫೋಲ್ಡರಿನ ಚಿತ್ರಗಳ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಕೋಡಿಗೆ ಹೊಂದುತ್ತವೆಯೇ ಎಂಬುದನ್ನು ಮಾತ್ರ ಕಣ್ಣಾರೆ ನೋಡಿಕೊಳ್ಳಿ. ವಿಂಡೋಸ್ ಅದನ್ನು ಲೆಕ್ಕಿಸುವುದಿಲ್ಲ, ಹಾಗಾಗಿ ಪ್ರಿವ್ಯೂದಲ್ಲಿ ಆ ತಪ್ಪು ಸಿಗುವುದೂ ಇಲ್ಲ.